ಹದಿನಾರು ಇಂಚಿನ ಸಮುದ್ರ

ಅಡ್ಮಿರಲ್ಲರು ನಿಜವಾದ ಸಮುದ್ರವನ್ನು ನೋಡಿದ್ದು ಬದುಕಿನಲ್ಲಿ ಒಂದೇ ಸಲ. ಅದೂ ಮದುವೆಯಾದ ಹೊಸತರಲ್ಲಿ, ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಳ್ಳುತ್ತಿದ್ದಾಗ. "ರೀ, ಸಮುದ್ರ ನೋಡ್ರೀ!" ಎಂದು ಹೆಂಡತಿ ಭುಜ ಅಲ್ಲಾಡಿಸಿದರೆ, "ನೋಡ್ದೆ, ನೋಡ್ದೆ" ಎಂದು ಕೈಯಾಡಿಸಿ ಮತ್ತೆ ತಮ್ಮ ಕೆಲಸದಲ್ಲಿ ಮಗ್ನರಾದರು. ಅಲ್ಲಿಗೆ ಅವರ ಸಾಗರಾನುಭವ ಮುಗಿಯಿತು. ಉಳಿದದ್ದೆಲ್ಲ ಟೈಲ್ಸ್ ಅಂಗಡಿ.

ಅಂಗಡಿ ಕೆಳಗೆ, ಮನೆ ಮೇಲೆ. ಕೆಳಗೆ ಅವರು ಬಚ್ಚಲಿಗೆ ಜಾರದ ಟೈಲು, ಅಡುಗೆಮನೆಗೆ ಕಲೆ ಕಾಣದ ಟೈಲು, ಮೆಟ್ಟಿಲಿಗೆ ಗೀರಿನ ಟೈಲು ಮಾರುವ ಸಾಮಾನ್ಯ ವ್ಯಾಪಾರಿ. ಗಿರಾಕಿ ಕೇಳಿದರೆ "ಹೂಂ ಸಾರ್, ಆಯ್ತು ಸಾರ್" ಅನ್ನುವವರು. ಭಾನುವಾರ ಬೆಳಿಗ್ಗೆ ಮೆಟ್ಟಿಲು ಹತ್ತಿ ನಡುಮನೆಗೆ ಬಂದರೆಂದರೆ ಮನುಷ್ಯನೇ ಬೇರೆ. ಬೆನ್ನು ನೆಟ್ಟಗಾಗುತ್ತಿತ್ತು, ಹೊಟ್ಟೆ ಒಳಕ್ಕೆ ಹೋಗುತ್ತಿತ್ತು, ಧ್ವನಿ ನಾಭಿಯಿಂದ ಬರುತ್ತಿತ್ತು. ಕುರ್ಚಿಗಳು ಅಡುಗೆಮನೆಗೆ ವಲಸೆ ಹೋಗುತ್ತಿದ್ದವು. ಸೋಫಾ ಗೋಡೆಗೆ ಒತ್ತಿಕೊಂಡು ಕರಾವಳಿಯಾಗುತ್ತಿತ್ತು. ಹೆಂಡತಿಯ ಹೊಲಿಗೆ ಯಂತ್ರ ಭಾರ, ಎತ್ತಲಾಗದು. ಅದಕ್ಕೆ ದ್ವೀಪದ ಸ್ಥಾನಮಾನ ಕೊಟ್ಟಿದ್ದರು. ನಡುವೆ ಉಳಿದ ನೆಲವೇ ಮಹಾಸಾಗರ. ಅದರ ಮೇಲೆ ಎರಡು ನೌಕಾಪಡೆಗಳು.

ಹಡಗುಗಳೆಲ್ಲ ಅವರೇ ಕೆತ್ತಿದವು. ಟೈಲು ತುಂಬಿಕೊಂಡು ಬರುವ ಪೆಟ್ಟಿಗೆಗಳ ಹಲಗೆ ಮೆತ್ತಗಿರುತ್ತದೆ, ಬ್ಲೇಡು ಸಾಕು. ಬೆಂಕಿಕಡ್ಡಿಗಳು ಫಿರಂಗಿಗಳಾದವು, ಪೆನ್ನಿನ ಮುಚ್ಚಳಗಳು ಹೊಗೆಕೊಳವೆಗಳಾದವು, ಬಚ್ಚಲ ಬಾಗಿಲಿಗೆ ಬಳಿದು ಮಿಕ್ಕಿದ ಬೂದು ಬಣ್ಣ ಇಡೀ ನೌಕಾಪಡೆಗೆ ಸಾಕಾಯಿತು. ಅಡ್ಮಿರಲ್ಲರ ಮುಖ್ಯ ಯುದ್ಧನೌಕೆಯ ಹೆಸರು 'ವಜ್ರಕಾಯ'. ಪಕ್ಕದಲ್ಲಿ ಸದಾ ಓಡಾಡುವ ಪುಟ್ಟ ಡೆಸ್ಟ್ರಾಯರು 'ಕಣಜ'. ಎದುರು ಪಡೆಯ ದೊಡ್ಡ ಹಡಗು 'ಜಗಜಟ್ಟಿ'. ಅದನ್ನು ಕೆತ್ತಿದವರೂ ಇವರೇ ಆದ್ದರಿಂದ ಅದು ಸ್ವಲ್ಪ ಸೊಟ್ಟಗಿತ್ತು.

ಎದುರು ಪಡೆಯ ನಾಯಕ ಹೆಂಡತಿಯ ತಮ್ಮ. ಊರವರ ಲೆಕ್ಕಪತ್ರ ನೋಡುವ ಕಸುಬು, ಹಾಗಾಗಿ ಎಲ್ಲರ ಬಾಯಲ್ಲೂ ಆಡಿಟರ್. ತೆಳ್ಳಗೆ, ಚುರುಕಾಗಿ, ಯಾರಾದರೂ ತಪ್ಪು ಮಾಡುವುದನ್ನೇ ಕಾಯುತ್ತ ಕೂರುವ ಸ್ವಭಾವ. ಇಬ್ಬರ ನಡುವೆ ತೀರ್ಪುಗಾರರು ಮೇಷ್ಟ್ರು. ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಕುತ್ತಿಗೆಯಲ್ಲಿ ದರ್ಜಿಯ ಟೇಪು, ಜೇಬಿನಲ್ಲಿ ಹತ್ತಿಯ ಉಂಡೆ.

ಆಟದ ಕ್ರಮ ಹೀಗೆ. ಗುಂಡು ಹಾರಿಸುವವನು ತನ್ನ ಹಡಗಿನ ಪಕ್ಕದಲ್ಲಿ ಕೆನ್ನೆ ನೆಲಕ್ಕೆ ತಾಗುವಂತೆ ಬೋರಲು ಮಲಗಬೇಕು. ಆಗ ಕಣ್ಣು ಹಡಗಿನ ಮಟ್ಟಕ್ಕೆ ಬರುತ್ತದೆ. ಶತ್ರುವಿನ ಹಡಗು ದಿಗಂತದಲ್ಲಿ ನಿಂತ ಹಾಗೆ ಕಾಣುತ್ತದೆ. ತನ್ನ ಹಡಗಿನಿಂದ ಅಲ್ಲಿಗೆ ಎಷ್ಟು ದೂರ ಎಂದು ಕಣ್ಣಳತೆಯಲ್ಲೇ ಅಂದಾಜು ಮಾಡಿ ಗಟ್ಟಿಯಾಗಿ ಕೂಗಬೇಕು. ಕೋಲು, ದಾರ, ಗೇಣು, ಮೊಳ ಯಾವುದೂ ಕೂಡದು. ಆಮೇಲೆ ಮೇಷ್ಟ್ರು ಟೇಪು ಎಳೆದು, ಕೂಗಿದ ದೂರ ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಚೂರು ಹತ್ತಿ ಇಡುತ್ತಾರೆ. ಹತ್ತಿ ಎಂದರೆ ಗುಂಡು ಬಿದ್ದು ಚಿಮ್ಮಿದ ನೀರು. ಅದು ಹಡಗಿನ ಮೇಲೆ ಕೂತರೆ ಏಟು, ಪಕ್ಕಕ್ಕೆ ಬಿದ್ದರೆ ಮೀನುಗಳಿಗೆ ತೊಂದರೆ ಅಷ್ಟೇ.

ಈ ಕಣ್ಣಳತೆಯಲ್ಲಿ ಅಡ್ಮಿರಲ್ಲರನ್ನು ಮೀರಿಸುವವರಿರಲಿಲ್ಲ. ಮಲಗುತ್ತಿದ್ದರು, ಒಂದು ಕಣ್ಣು ಮುಚ್ಚುತ್ತಿದ್ದರು, ತುಟಿ ಸ್ವಲ್ಪ ಅಲ್ಲಾಡುತ್ತಿತ್ತು, "ಏಳಡಿ ಮೂರಿಂಚು!" ಎನ್ನುತ್ತಿದ್ದರು. ಮೇಷ್ಟ್ರ ಟೇಪು ಹೋಗಿ ನೆಟ್ಟಗೆ ಜಗಜಟ್ಟಿಯ ಹೊಗೆಕೊಳವೆಗೆ ಬಡಿಯುತ್ತಿತ್ತು. ವರ್ಷಕ್ಕೊಮ್ಮೆ ನಡೆಯುವ ಮಹಾಯುದ್ಧದಲ್ಲಿ ಗೆದ್ದವನೇ ಆ ವರ್ಷದ ಅಡ್ಮಿರಲ್ ಎಂಬುದು ನಿಯಮ. ಶುರುವಿನಿಂದಲೂ ಆ ಪದವಿ ಮನೆ ಬಿಟ್ಟು ಹೋಗಿರಲಿಲ್ಲ.

ಹೊಗಳಿಕೆ ಬಂದಾಗ ಅವರು ವಿನಯದಿಂದ ತಲೆ ತಗ್ಗಿಸುತ್ತಿದ್ದರು. ಆ ವಿನಯವನ್ನು ಎಲ್ಲರೂ ಗಮನಿಸಿದರೋ ಇಲ್ಲವೋ ಎಂದು ಆಮೇಲೆ ತಲೆ ಎತ್ತಿ ನೋಡುತ್ತಿದ್ದರು. "ಇದು ಕಲಿತು ಬರೋದಲ್ಲ ಮೇಷ್ಟ್ರೇ. ರಕ್ತದಲ್ಲಿರಬೇಕು."

"ನಿಮ್ಮ ತಂದೆ ಬಟ್ಟೆ ಇಸ್ತ್ರಿ ಮಾಡ್ತಿದ್ರಲ್ಲ, ಭಾವ?" ಎಂದು ಆಡಿಟರ್ ಕೇಳುತ್ತಿದ್ದ.

"ಅದಕ್ಕೂ ಹಿಂದಿನ ರಕ್ತ ಕಣೋ."

ಇಂಥ ಸುಖಸಾಗರದಲ್ಲಿ ಬಿರುಗಾಳಿ ಎದ್ದದ್ದು ಹೆಂಡತಿಯಿಂದ. ನಡುಮನೆಯ ನೆಲ ಮನೆ ಕಟ್ಟಿದಾಗ ಹಾಸಿದ್ದು. ಒಂದಡಿಗೆ ಒಂದಡಿಯ ಹಳೇ ಕೆಂಪು ಟೈಲು. ಅಂಚು ಮುಕ್ಕಾಗಿ, ಸಂದುಗಳು ಕಪ್ಪಾಗಿ, ಮೂಲೆಯ ಎರಡು ಟೈಲುಗಳು ಕಾಲಿಟ್ಟರೆ ಕಟಕಟ ಮಾತಾಡುತ್ತಿದ್ದವು.

"ಊರಿಗೆಲ್ಲ ಟೈಲು ಮಾರ್ತೀರ. ನಮ್ಮನೆ ನೆಲ ನೋಡಿದ್ರೆ ಯಾರಾದ್ರೂ ನಿಮ್ಮಂಗಡೀಲಿ ಕೊಳ್ತಾರಾ?"

"ಏನೇ ಹೇಳ್ತಿದೀಯ ನೀನು? ಈ ನೆಲದ ಮೇಲೆ ಎಷ್ಟು ಹಡಗು ಮುಳುಗಿದಾವೆ ಗೊತ್ತಾ?"

"ಗೊತ್ತಿಲ್ದೆ ಏನು, ಗುಡಿಸೋಳು ನಾನೇ ಅಲ್ವಾ?"

ನೌಕಾಪಡೆಯ ಅಧಿಕಾರ ಇಂಥ ಕಡೆ ನಡೆಯುವುದಿಲ್ಲ. ವಾರದೊಳಗೆ ಕೆಂಪು ನೆಲ ಹೋಗಿ, ಹದಿನಾರು ಇಂಚಿನ ಬೆಳ್ಳನೆಯ ಟೈಲು ಬಂದು ಕೂತಿತು. ಅಂಗಡಿಯಲ್ಲೇ ಇದ್ದದ್ದರಲ್ಲಿ ಒಳ್ಳೆಯದು. ಹಾಸಿ ಮುಗಿದ ಮೇಲೆ ಅಡ್ಮಿರಲ್ಲರೇ ಮೆಚ್ಚಿಕೊಂಡರು. "ಸಮುದ್ರ ಈಗ ಶಾಂತವಾಗಿದೆ" ಎಂದರು.

ಮೊದಲ ಭಾನುವಾರವೇ ಅನಾಹುತ. ಮಹಾಯುದ್ಧಕ್ಕೆ ಇನ್ನೆರಡೇ ವಾರ, ಅಭ್ಯಾಸಕ್ಕೆಂದು ಸೇರಿದ್ದರು. ಅಡ್ಮಿರಲ್ಲರು ಮಲಗಿದರು, ಒಂದು ಕಣ್ಣು ಮುಚ್ಚಿದರು. "ಆರಡಿ!" ಮೇಷ್ಟ್ರು ಟೇಪು ಎಳೆದರು. ಹತ್ತಿ ಜಗಜಟ್ಟಿಯಿಂದ ಎರಡಡಿ ಈಚೆಗೆ ಬಿತ್ತು.

ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ. "ಗಾಳಿ" ಎಂದರು ಅಡ್ಮಿರಲ್ಲರು.

"ಫ್ಯಾನ್ ಹಾಕಿಲ್ಲ ಭಾವ."

ಮತ್ತೆ ಮಲಗಿದರು. "ಐದಡಿ!" ಈ ಸಲ ಹತ್ತಿ ಬಿದ್ದದ್ದು ಇನ್ನೂ ಮುಜುಗರದ ಜಾಗದಲ್ಲಿ. ವಜ್ರಕಾಯಕ್ಕೂ ಶತ್ರುವಿಗೂ ನಡುವೆ, ಸ್ವಾಮಿಭಕ್ತಿಯಿಂದ ಕಾವಲು ನಿಂತಿದ್ದ ಕಣಜದ ನಡುಬೆನ್ನಿನ ಮೇಲೆ. ತೀರ್ಪುಗಾರರು ಎರಡೆರಡು ಸಲ ನೋಡಿ, ಗಂಟಲು ಸರಿಮಾಡಿಕೊಂಡು, ಪುಟ್ಟ ಹಡಗನ್ನು ಎರಡು ಬೆರಳಲ್ಲಿ ಹಿಡಿದು ಮಗ್ಗುಲಿಗೆ ಮಲಗಿಸಿದರು. ಅದೇ ಮುಳುಗಿದ ಗುರುತು.

"ಸ್ವಂತ ಹಡಗನ್ನೇ ಹೊಡೆದ್ರಾ ಭಾವ?" ಆಡಿಟರ್ ಹೊಟ್ಟೆ ಹಿಡಿದುಕೊಂಡ. "ನಾನು ಸುಮ್ನೆ ಬಂದು ಟೀ ಕುಡ್ಕೊಂಡು ಕೂತಿರ್ತೀನಿ. ನಿಮ್ಮ ಪಡೇನ ನೀವೇ ಮುಗಿಸ್ಬಿಡಿ."

"ಈ ನೆಲ ಸರಿಯಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಅವನ ಗುಂಡುಗಳು ಮಾತ್ರ ಹೊಸ ನೆಲದ ಮೇಲೂ ಚೆನ್ನಾಗಿಯೇ ಬೀಳುತ್ತಿದ್ದವು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಬಾಣ ಬಿಟ್ಟ: "ಭಾವ, ಈ ಸಲ ನಾನು ಗೆದ್ರೆ ಹಡಗೆಲ್ಲ ನಮ್ಮನೆಗೆ ಒಯ್ತೀನಿ. ಸಮುದ್ರ ಇರಬೇಕಾದ್ದು ಅಡ್ಮಿರಲ್ ಮನೇಲಿ ತಾನೆ?"

ನಿಯಮದ ಪ್ರಕಾರ ಅದು ನ್ಯಾಯವೇ. ಆ ನಿಯಮವನ್ನು ಮಾಡಿದವರೂ ಅಡ್ಮಿರಲ್ಲರೇ, ತಾವು ಎಂದಾದರೂ ಸೋಲಬಹುದು ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ. ಈಗ ಸೋಫಾದ ಮೇಲೆ ಕೂತು ಖಾಲಿ ನೆಲ ನೋಡಿದರು. ಹಡಗಿಲ್ಲದ ಭಾನುವಾರ ಹೇಗಿರುತ್ತದೆ? ಕೆಳಗಿನ ವ್ಯಾಪಾರಿಯೇ ಮೇಲೂ ಬಂದು ಕೂರಬೇಕಾಗುತ್ತದೆ. ಆ ಮನುಷ್ಯ ಅವರಿಗೆ ಅಷ್ಟಾಗಿ ಇಷ್ಟವಿರಲಿಲ್ಲ.

ಮರುದಿನವೇ ಕಣ್ಣಿನ ಡಾಕ್ಟರ ಬಳಿ ಓಡಿದರು. ಡಾಕ್ಟರು ದೊಡ್ಡಕ್ಷರ, ಸಣ್ಣಕ್ಷರ ಎಲ್ಲ ಓದಿಸಿ, "ಹದ್ದಿನ ಕಣ್ಣು ಸಾರ್ ನಿಮ್ಮದು, ಈ ವಯಸ್ಸಿಗೆ!" ಎಂದು ಬೆನ್ನು ತಟ್ಟಿದರು. ಇದಕ್ಕಿಂತ ಕೆಟ್ಟ ಸುದ್ದಿ ಇರಲಾರದು. ಕಣ್ಣು ಸರಿಯಿದ್ದರೆ ದೋಷ ಇನ್ನೆಲ್ಲಿ? ಟೇಪಿನಲ್ಲಿ! ಸಂಜೆ ಮೇಷ್ಟ್ರನ್ನು ಬೀದಿಯಲ್ಲೇ ತಡೆದು, "ನಿಮ್ಮ ಟೇಪು ಒಗೆದು ಒಗೆದು ಗಿಡ್ಡ ಆಗಿದೆ ಅನ್ಸುತ್ತೆ" ಎಂದುಬಿಟ್ಟರು. ಮೇಷ್ಟ್ರು ಜೀವಮಾನವಿಡೀ ಯಾರಿಂದಲೂ ಅಳತೆಯ ಬಗ್ಗೆ ಮಾತು ಕೇಳಿದವರಲ್ಲ. "ಟೇಪು ಗಿಡ್ಡ ಆಗಿಲ್ಲ. ನಿಮ್ಮ ನಾಲಿಗೆ ಉದ್ದ ಆಗಿದೆ" ಎಂದು ಹೇಳಿ ರಸ್ತೆ ದಾಟಿ ಹೋದರು.

ಗುಟ್ಟು ಬಯಲಾದದ್ದು ಊಟದ ಹೊತ್ತಿನಲ್ಲಿ. ಅಡ್ಮಿರಲ್ಲರು ತಟ್ಟೆ ಬಿಟ್ಟು ನೆಲದ ಮೇಲೆ ಮಲಗಿ ಹೊಲಿಗೆ ಯಂತ್ರದ ಕಾಲಿಗೆ ಗುರಿಯಿಡುತ್ತಿದ್ದರು. "ಐದಡಿ." ಟೇಪು ಹಿಡಿದರೆ ಆರಡಿ ಎಂಟಿಂಚು. "ನಾಲ್ಕಡಿ." ಐದಡಿ ನಾಲ್ಕಿಂಚು. ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ರೀ, ನಿಮ್ಮ ತುಟಿ ಯಾಕೆ ಅಲ್ಲಾಡುತ್ತೆ?"

"ಏಕಾಗ್ರತೆ ಕಣೇ. ನಿಂಗೆ ಅರ್ಥ ಆಗಲ್ಲ."

"ಏಕಾಗ್ರತೆ ಅಲ್ಲ, ಎಣಿಕೆ. ಮೆಷಿನ್ ತನಕ ಐದು ಟೈಲಿದೆ, ನೀವು ಐದಡಿ ಅಂದ್ರಿ. ಈಚೆ ಬಂದು ಮಲಗಿದ್ರಿ, ನಾಲ್ಕು ಟೈಲಿತ್ತು, ನಾಲ್ಕಡಿ ಅಂದ್ರಿ. ಇಷ್ಟು ವರ್ಷವೂ ಟೈಲು ಎಣಿಸ್ತಿದ್ರಾ ನೀವು?"

ಅಡ್ಮಿರಲ್ಲರು ಮತ್ತೆ ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡಿದರು. ಸಂದು, ಸಂದು, ಸಂದು. ಕಣ್ಣು ತಾನಾಗಿ ಗೆರೆಯಿಂದ ಗೆರೆಗೆ ಹಾರುತ್ತಿತ್ತು, ತುಟಿ ತಾನಾಗಿ ಲೆಕ್ಕ ಹಿಡಿಯುತ್ತಿತ್ತು. ದೇವರಾಣೆಗೂ ಅವರಿಗೆ ಇದು ಗೊತ್ತಿರಲಿಲ್ಲ. ದಿನಬೆಳಗಾದರೆ ಟೈಲು ಎಣಿಸುವವನ ಕಣ್ಣು ಭಾನುವಾರ ರಜೆ ತೆಗೆದುಕೊಂಡಿರಲಿಲ್ಲ, ಅಷ್ಟೇ. ಪೂರ್ವಜರ ರಕ್ತ, ಹುಟ್ಟುಗುಣ, ದಿಗಂತವನ್ನು ಅಳೆಯುವ ದೃಷ್ಟಿ ಎಲ್ಲವೂ ಒಂದಡಿಯ ಕೆಂಪು ಟೈಲಿನ ಮೇಲೆ ನಿಂತಿದ್ದವು.

ಬೇರೆಯವರಾಗಿದ್ದರೆ ಕುಗ್ಗಿಹೋಗುತ್ತಿದ್ದರು. ಅಡ್ಮಿರಲ್ಲರು ಎದ್ದು ಕೂತು ತೊಡೆ ತಟ್ಟಿಕೊಂಡರು: "ಹಾಗಾದ್ರೆ ನೆಲಾನೇ ಡೊಂಕು ಕಣೇ! ನಂದೇನೂ ತಪ್ಪಿಲ್ಲ!"

"ಈಗ ಏನ್ಮಾಡ್ತೀರ? ಮೇಷ್ಟ್ರಿಗೆ ಹೇಳ್ತೀರಾ?"

"ಹೇಳೋದು ಯಾಕೆ? ಟೈಲಿಗೆ ಹದಿನಾರಿಂಚು. ಗುಣಿಸ್ಕೊಂಡ್ರೆ ಆಯ್ತು."

"ಅದು ಮೋಸ ಅಲ್ವಾ?"

"ಗೊತ್ತಿಲ್ದೆ ಮಾಡಿದ್ದು ಮೋಸ ಅಲ್ಲ. ಗೊತ್ತಿದ್ದು ಮಾಡಿದ್ರೆ..." ಸ್ವಲ್ಪ ಯೋಚಿಸಿದರು. "ಯುದ್ಧತಂತ್ರ."

ತಂತ್ರಕ್ಕೆ ಒಂದೇ ಅಡ್ಡಿ. ಅಡ್ಮಿರಲ್ಲರು ಅಂಗಡಿಯಲ್ಲಿ ಎರಡು ಎರಡಲೆ ನಾಲ್ಕಕ್ಕೂ ಕ್ಯಾಲ್ಕ್ಯುಲೇಟರ್ ಒತ್ತುವವರು. ಹದಿನಾರರ ಮಗ್ಗಿಯನ್ನು ಚಿಕ್ಕಂದಿನಲ್ಲಿ ಬೆತ್ತದ ಭಯಕ್ಕೆ ಕಲಿತು, ಬೆತ್ತ ಮರೆಯಾದ ದಿನವೇ ಮರೆತಿದ್ದರು. ಆ ವಾರವೆಲ್ಲ ಮಗ್ಗಿಯೇ ಮಗ್ಗಿ. ಗಿರಾಕಿ ಬಚ್ಚಲಿನ ಟೈಲಿಗೆ ಬೆಲೆ ಕೇಳಿದರೆ "ಹದಿನಾರ್ನಾಲ್ಕಲೆ ಅರವತ್ನಾಲ್ಕು" ಎಂಬ ಉತ್ತರ. ಬೆಲೆ ಅಗ್ಗವಾಯಿತೆಂದು ಗಿರಾಕಿ ಖುಷಿಯಾಗಿ ಚೀಲ ತೆರೆಯುತ್ತಿದ್ದ. ಆರರವರೆಗೆ ನಾಲಿಗೆ ಸರಾಗ. ಏಳಕ್ಕೆ ಬಂದರೆ ಎಡವುತ್ತಿತ್ತು.

ಮಹಾಯುದ್ಧದ ಭಾನುವಾರ ಬಂತು. ಮೇಷ್ಟ್ರೂ ಬಂದರು, ಹೊಸ ಟೇಪು ಕೊಂಡು. ಅಡ್ಮಿರಲ್ಲರ ಮುಖ ನೋಡದೆ ಅದರ ಅಂಗಡಿ ಚೀಟಿಯನ್ನು ಮೊದಲು ಕೈಗೆ ಕೊಟ್ಟರು. ಎರಡು ಪಡೆಗಳೂ ಸಾಲುಗಟ್ಟಿ ನಿಂತವು. ಅಡ್ಮಿರಲ್ಲರು ಮೊದಲು ಹತ್ತಿರದ ಹಡಗೊಂದಕ್ಕೆ ಗುರಿಯಿಟ್ಟರು. "ಐದಡಿ ನಾಲ್ಕಿಂಚು!" ಹತ್ತಿ ನೇರ ಹೋಗಿ ಕೂತಿತು. ಆಡಿಟರ್‌ನ ಹುಬ್ಬು ಮೇಲೆ ಹೋಯಿತು. ಇನ್ನೊಂದು. ಅದೂ ಬಡಿಯಿತು. ಮೇಷ್ಟ್ರ ಮುಖದಲ್ಲಿ ಸಣ್ಣ ನಗು ಮೂಡಿತು. ಎಷ್ಟಾದರೂ ಹಳೇ ಗೆಳೆಯರು. ಅಡ್ಮಿರಲ್ಲರಿಗೆ ಉತ್ಸಾಹ ಬಂತು. ಈಗ ದೂರದ ಸಾಲು, ಜಗಜಟ್ಟಿಯ ಸರದಿ. ಮಲಗಿದರು. ಗುಂಡು ಹೋಗುವ ಗೆರೆ ಸರಿಯಿದೆಯೇ ಎಂದು ನೋಡಲು ಮೇಷ್ಟ್ರೂ ಪಕ್ಕದಲ್ಲೇ ಕೆನ್ನೆ ಹಚ್ಚಿ ಮಲಗಿದರು. ಏಳು ಟೈಲು.

ಏಕಾಗ್ರತೆಯಲ್ಲಿದ್ದ ತುಟಿ ಸ್ವಲ್ಪ ಗಟ್ಟಿಯಾಗಿಯೇ ಅಲ್ಲಾಡಿತು. "ಹದಿನಾರೇಳಲೆ... ನೂರಾ... ಎರಡು."

"ನೂರಾ ಹನ್ನೆರಡು!" ಎಂದು ಗುಡುಗಿದರು ಮೇಷ್ಟ್ರು.

ತಪ್ಪು ಮಗ್ಗಿ ಕಿವಿಗೆ ಬಿದ್ದರೆ ಅವರು ನಿದ್ದೆಯಲ್ಲೂ ಎದ್ದು ಕೂರುವವರು. ಹೇಳಿ ಮುಗಿದ ಮೇಲೆಯೇ ಅವರಿಗೆ ಅನುಮಾನ ಬಂದದ್ದು. ಇಬ್ಬರೂ ಬೋರಲು ಮಲಗಿದ್ದಲ್ಲಿಂದಲೇ ಒಬ್ಬರನ್ನೊಬ್ಬರು ನೋಡಿದರು.

"ಯಾಕ್ರೀ ಹದಿನಾರರ ಮಗ್ಗಿ?"

"ಸುಮ್ನೆ... ನೆನಪಾಯ್ತು."

"ಟೈಲು ಎಷ್ಟಿಂಚಿನದು?"

ಟೈಲ್ಸ್ ಅಂಗಡಿಯವನು ಟೈಲಿನ ಅಳತೆ ಗೊತ್ತಿಲ್ಲ ಎನ್ನುವಂತಿರಲಿಲ್ಲ. ಆಡಿಟರ್ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಸಿಕ್ಕಿಬಿದ್ರು! ಮೇಷ್ಟ್ರೇ, ಕೋಲು ದಾರ ಕೂಡದು ಅಂದ್ರೆ ಇಡೀ ನೆಲಾನೇ ಅಳತೆಗೋಲು ಮಾಡ್ಕೊಂಡಿದಾರೆ. ಆಟ ಮುಗೀತು. ಅಡ್ಮಿರಲ್ ನಾನೇ. ಅಕ್ಕಾ, ಒಂದು ಖಾಲಿ ಪೆಟ್ಟಿಗೆ ಕೊಡು, ಹಡಗು ತುಂಬ್ಕೊಳ್ತೀನಿ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪೆಟ್ಟಿಗೆ ತರಲು ಹೋಗಲಿಲ್ಲ. "ಅಲ್ವೋ, ನಿಮ್ಮ ಭಾವ ಹೊಸ ನೆಲದ ಮೇಲೆ ಎಡವಿದ್ರು, ಸರಿ. ನೀನು ಮೊದಲ ದಿನದಿಂದ ಒಂದೂ ತಪ್ಪಲಿಲ್ವಲ್ಲ, ಹೇಗೆ? ನೀನೂ ಟೈಲು ಎಣಿಸ್ತಿದ್ಯಾ?"

"ನಂದು... ಕಣ್ಣಳತೆ ಅಕ್ಕಾ."

"ಹೌದಾ? ಚಿಕ್ಕೋನಿದ್ದಾಗ ತಟ್ಟೆಯಲ್ಲಿ ಇರೋದು ಕಾಣದೆ ನನ್ನ ತಟ್ಟೆಗೆ ಕೈ ಹಾಕ್ತಿದ್ದೆ."

ಮೇಷ್ಟ್ರಿಗೆ ತರಗತಿಯಲ್ಲಿ ನಕಲು ಹಿಡಿದ ದಿನಗಳು ಮರಳಿ ಬಂದಂತಾಯಿತು. ಟೇಪನ್ನು ಕುತ್ತಿಗೆಗೆ ಸುತ್ತಿಕೊಂಡರು. "ಅಮ್ಮಾ, ನಿಮ್ಮನೇಲಿ ಗೆರೆ ಇಲ್ಲದ ದೊಡ್ಡ ಹಾಸಿಗೆ ಬಟ್ಟೆ ಇದ್ಯಾ?"

ಇತ್ತು, ನೀಲಿಯದೇ ಎರಡು. ಹಡಗುಗಳನ್ನು ಎತ್ತಿ, ನೆಲದ ತುಂಬ ನೀಲಿ ಹಾಸಿ, ಮತ್ತೆ ಹಡಗುಗಳನ್ನು ಇದ್ದಲ್ಲೇ ಇಟ್ಟದ್ದಾಯಿತು. ಸಂದಿಲ್ಲ, ಗೆರೆಯಿಲ್ಲ. "ಈಗ ಹೊಡೀರಿ. ಗೆದ್ದೋನು ಅಡ್ಮಿರಲ್. ಸಮುದ್ರವೂ ಅವನದ್ದೇ" ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಆಡಿಟರ್ ಮಲಗಿದ. ಬಹಳ ಹೊತ್ತು ನೋಡಿದ. "ಹನ್ನೆರಡಡಿ" ಎಂದ, ಯಾರನ್ನೋ ಕೇಳುವವನ ಹಾಗೆ. ಹತ್ತಿ ವಜ್ರಕಾಯವನ್ನು ದಾಟಿ, ಕರಾವಳಿಯನ್ನೂ ದಾಟಿ, ಸೋಫಾದ ಅಡಿಗೆ ಹೋಯಿತು. ಅಡ್ಮಿರಲ್ಲರು "ಹತ್ತಡಿ" ಎಂದರು. ಹೊಲಿಗೆ ಯಂತ್ರಕ್ಕೆ ಏಟು ಬಿತ್ತು. "ನನ್ನ ಮೆಷಿನ್‌ಗೇನಾದ್ರೂ ಆದ್ರೆ ಇಬ್ಬರಿಗೂ ಊಟ ಇಲ್ಲ" ಎಂದು ದ್ವೀಪದ ಒಡತಿ ಎಚ್ಚರಿಸಿದಳು. ಗುಂಡು ಅತ್ತ ಬಿತ್ತು, ಇತ್ತ ಬಿತ್ತು, ಬಾಗಿಲಾಚೆ ಬಿತ್ತು. ನೀಲಿ ಬಟ್ಟೆಯ ಮೇಲೆ ಹತ್ತಿ ಬಿದ್ದು ಬಿದ್ದು ಹೋಳಿಗೆ ಹಿಟ್ಟು ಚೆಲ್ಲಿದವರ ಮನೆಯಂತಾಯಿತು. ಎರಡು ಮಹಾ ನೌಕಾಪಡೆಗಳಲ್ಲಿ ಒಂದು ಬೆಂಕಿಕಡ್ಡಿಯೂ ಮುರಿಯಲಿಲ್ಲ.

ಅಡ್ಮಿರಲ್ಲರಿಗೆ ಬೆವರು ಹರಿಯುತ್ತಿತ್ತು. ಕೆನ್ನೆ ಹಚ್ಚಿದರೆ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಸಿಗುತ್ತಿರಲಿಲ್ಲ. ಬರೀ ನೀಲಿ, ಅದರಾಚೆ ಒಂದು ಹಡಗು. ಎಷ್ಟು ದೂರವಾದರೂ ಇರಬಹುದು. ಹಳೇ ಬಸ್ಸಿನ ಕಿಟಕಿಯಾಚೆಯ ಸಮುದ್ರ ನೆನಪಾಗಿ ಒಮ್ಮೆ ಎರಡೂ ಕಣ್ಣು ಮುಚ್ಚಿಕೊಂಡರು. ಗುಂಡು ಹಾರಿಸುವ ಬದಲು ಮುಂದೆ ಸಾಗಬಹುದು ಎಂಬುದು ನಿಯಮ. ತಮ್ಮ ಸರದಿ ಬಂದಾಗ ಅವರು ಅಂದಾಜು ಕೂಗಲಿಲ್ಲ. ವಜ್ರಕಾಯವನ್ನು ಹಿಡಿದು ಮುಂದಕ್ಕೆ ತಳ್ಳಿದರು.

ಆಡಿಟರ್ ಹೊಡೆದ. ತಪ್ಪಿತು. ಅಡ್ಮಿರಲ್ಲರು ಮತ್ತೆ ತಳ್ಳಿದರು. ಪ್ರತಿ ಸಲ ಹತ್ತಿರವಾಗುತ್ತ ಹೋದಂತೆ ಎದುರಾಳಿಯ ಏಟೂ ಹತ್ತಿರ ಬೀಳತೊಡಗಿತು. ಒಂದು ವಜ್ರಕಾಯದ ಬಾಲಕ್ಕೇ ತಗುಲಿತು. ನಡುಬೆನ್ನಿಗೆ ಬಿದ್ದಿದ್ದರೆ ಮುಳುಗಡೆ. "ಹಿಂದಕ್ಕೆ ಹೋಗಿ ಭಾವ, ಮರ್ಯಾದೆ ಉಳಿಯುತ್ತೆ" ಎಂದ ಆಡಿಟರ್. ಅಡ್ಮಿರಲ್ಲರು ಇನ್ನೊಮ್ಮೆ ತಳ್ಳಿದರು. ಆಡಿಟರ್ ಆತುರದಲ್ಲಿ "ಆರಿಂಚು" ಎಂದ. ಹತ್ತಿ ಕೂದಲೆಳೆಯಷ್ಟು ಈಚೆ ಬಿತ್ತು.

ಈಗ ಎರಡು ಹಡಗುಗಳೂ ಮೂತಿಗೆ ಮೂತಿ. ಅಡ್ಮಿರಲ್ಲರು ಮಲಗಿದರು. ತುಟಿ ಅಲ್ಲಾಡಲಿಲ್ಲ. ಎಣಿಸಲು ಏನಿತ್ತು? ತಾವೇ ಕೆತ್ತಿದ ಸೊಟ್ಟ ಜಗಜಟ್ಟಿ ಕಣ್ಣ ಮುಂದೆ ಗುಡ್ಡದಂತೆ ನಿಂತಿತ್ತು.

"ಎಂಟಿಂಚು."

ಮೇಷ್ಟ್ರು ಟೇಪು ಹಿಡಿದು, ಕನ್ನಡಕ ಸರಿಮಾಡಿಕೊಂಡು, ಹತ್ತಿ ಇಟ್ಟರು. ಅದು ಜಗಜಟ್ಟಿಯ ಹೊಗೆಕೊಳವೆಯ ಮೇಲೆ ಟೋಪಿಯಂತೆ ಕೂತಿತು. ಮೇಷ್ಟ್ರು ದೊಡ್ಡ ಹಡಗನ್ನು ಎರಡೂ ಕೈಯಲ್ಲಿ ಹಿಡಿದು ಮಗ್ಗುಲಿಗೆ ಮಲಗಿಸಿದರು.

"ಇಷ್ಟು ಹತ್ತಿರದಿಂದ ನಮ್ಮಜ್ಜೀನೂ ಹೊಡೀತಿದ್ಲು!" ಎಂದು ಆಡಿಟರ್ ಕಿರುಚಿದ.

"ಹೊಡೀತಿದ್ರು ಕಣೋ, ಯಾರು ಇಲ್ಲ ಅಂದ್ರು?" ಅಡ್ಮಿರಲ್ಲರು ಮೊಣಕೈಯೂರಿ ಏಳಲು ನೋಡಿದರು, ಸೊಂಟ ಒಪ್ಪಲಿಲ್ಲ, ಮಲಗಿದ್ದಲ್ಲಿಂದಲೇ ಹೇಳಿದರು. "ಆದ್ರೆ ಇಷ್ಟು ಹತ್ತಿರ ಬರ್ತಿದ್ರಾ?"

"ನಮ್ಮಜ್ಜಿ ಸುದ್ದಿಗೆ ಇಬ್ಬರೂ ಬರಬೇಡಿ" ಎಂದಳು ಹೆಂಡತಿ. ಬಂದು, ಗಂಡನ ತೋಳಿಗೆ ಕೈಕೊಟ್ಟು ಎಬ್ಬಿಸಿದಳು. "ಏಳಿ ಅಡ್ಮಿರಲ್ಲರೇ. ಊಟಕ್ಕೆ ಹೊತ್ತಾಯ್ತು, ಸಮುದ್ರ ಮಡಚಬೇಕು. ಆ ತುದಿ ಹಿಡ್ಕೊಳ್ಳಿ."

ಅಡ್ಮಿರಲ್ಲರು ಆ ತುದಿ ಹಿಡಿದುಕೊಂಡರು. ಅವಳು ಈ ತುದಿಯಿಂದ ನಡೆದು ಬಂದು ಅಂಚಿಗೆ ಅಂಚು ಕೂಡಿಸುವಾಗ, "ನೀನೇನೋ ಎಂಟಿಂಚು ದೂರದಲ್ಲಿದೀಯ" ಎಂದರು.

"ಏಳು" ಎಂದಳು ಅವಳು.